ಬಣ್ಣ ಬದಲಿಸಿದ ಕಾಗದ ಮದ್ದಿನ ಪ್ರಮಾಣಪತ್ರವಲ್ಲ



ಅರಿಶಿನ ಬಳಿದ ಕಾಗದದ ಮೇಲೆ ಸಾಬೂನಿನ ನೀರು ಬಿದ್ದೊಡನೆ ಅದು ಕೆಂಪಾದುದನ್ನು ಕಂಡು ತರಗತಿಯಲ್ಲಿ ನೀವು ಚಪ್ಪಾಳೆ ತಟ್ಟಿದ್ದು ನನಗಿನ್ನೂ ನೆನಪಿದೆ. ಆಗ ನಾನು ಕೇಳುತ್ತಿದ್ದುದು ಒಂದೇ: ಕಾಗದ ಏನು ಹೇಳಿತು, ಏನು ಹೇಳಲಿಲ್ಲ? ಕ್ಷಾರವಿದೆ ಎಂದಿತು; ಯಾವ ಕ್ಷಾರವೆಂದು ಹೇಳಲಿಲ್ಲ.

ಕಳೆದ ತಿಂಗಳು ಬಂಧುವೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಕಾಗದದ ಪಟ್ಟಿ, ಪಕ್ಕದಲ್ಲಿ ಸೊಪ್ಪಿನ ರಸದ ಬಾಟಲಿ, ಕೆಳಗೆ ‘ಮರೆವಿನ ಕಾಯಿಲೆಗೆ ಮದ್ದು, ವಿಜ್ಞಾನದಿಂದ ಸಾಬೀತು’ ಎಂಬ ಬರಹ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ, ವೃದ್ಧ ತಾಯಿಗೆ ಅದನ್ನೇ ಕುಡಿಸಲು ಅವರು ಹೊರಟಿದ್ದರು. ಆದ್ದರಿಂದ ಈ ಲೇಖನ.

ಪರೀಕ್ಷೆಯೇನೋ ನಿಜವಾದದ್ದೇ. ಕಾಗದದಲ್ಲಿ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಹಿಂಗಿಸಿರುತ್ತಾರೆ. ಇಂಡಾಕ್ಸಿಲ್ ಅಸಿಟೇಟ್ ಸೇರಿಸಿದರೆ ಕಿಣ್ವವು ಅದನ್ನು ಒಡೆದು ನೀಲಿ ಬಣ್ಣ ಮೂಡಿಸುತ್ತದೆ. ಸಸ್ಯರಸವು ಕಿಣ್ವವನ್ನು ತಡೆದರೆ ನೀಲಿ ಮೂಡದು. ಆಲ್‌ಝೈಮರ್ ಕಾಯಿಲೆಯಲ್ಲಿ ಈ ಕಿಣ್ವವನ್ನು ತಡೆಯುವುದರಿಂದ ಕೆಲಮಟ್ಟಿನ ಉಪಶಮನವುಂಟು. ಸ್ನೋಡ್ರಾಪ್ ಗಿಡದಲ್ಲಿ ದೊರೆತ ಗ್ಯಾಲಂಟಮೈನ್ ಅಂಥ ಮದ್ದು. ಅಮೆರಿಕದಲ್ಲಿ ಅದಕ್ಕೆ 2001ರಲ್ಲಿ ಅನುಮತಿ ದೊರೆಯಿತು.

ಆದರೆ ಕೇಳಿ: ಆರ್ಗನೋಫಾಸ್ಫೇಟ್ ಕೀಟನಾಶಕಗಳು ತಡೆಯುವುದೂ ಇದೇ ಕಿಣ್ವವನ್ನು! ತರಕಾರಿಯಲ್ಲಿ ಉಳಿದ ಕೀಟನಾಶಕವನ್ನು ಪತ್ತೆಹಚ್ಚಲು ಬಳಸುವುದೂ ಇದೇ ಬಗೆಯ ಕಾಗದವನ್ನು. ಮದ್ದಿದ್ದರೂ ನೀಲಿಯಿಲ್ಲ, ವಿಷವಿದ್ದರೂ ನೀಲಿಯಿಲ್ಲ. ಸೊಪ್ಪಿನ ಒಗರಿಗೆ ಕಾರಣವಾದ ಟ್ಯಾನಿನ್‌ಗಳೂ ಕಿಣ್ವಕ್ಕೆ ಅಂಟಿಕೊಂಡು ನಮ್ಮನ್ನು ಮೋಸಗೊಳಿಸಬಲ್ಲವು. ಆ ರಸ ಕರುಳನ್ನು ದಾಟಿ ಮಿದುಳು ಸೇರುವುದೇ, ಯಕೃತ್ತನ್ನು ಕೆಡಿಸುವುದೇ ಎಂಬುದನ್ನು ಕಾಗದ ಹೇಳಲಾರದು.

‘ಹಾಗಾದರೆ ನಮ್ಮ ಅಜ್ಜಿಯರ ಮದ್ದೆಲ್ಲ ಸುಳ್ಳೇ ಮೇಷ್ಟ್ರೇ?’ ಎನ್ನುವಿರಿ. ಅಲ್ಲ. ಚೀನಾದ ತೂ ಯೂಯೂ ಮಲೇರಿಯಾದ ಮದ್ದಿಗೆ ಸುಳಿವು ಪಡೆದದ್ದು ಪ್ರಾಚೀನ ವೈದ್ಯಗ್ರಂಥದಿಂದಲೇ. ಆದರೆ ಆಕೆ ಸುಳಿವನ್ನೇ ಸಾಬೀತೆನ್ನಲಿಲ್ಲ. ಪ್ರಾಣಿಗಳ ಮೇಲೆ ಪರೀಕ್ಷಿಸಿ, 1972ರಲ್ಲಿ ಮೊದಲು ತಾವೇ ಸೇವಿಸಿ ನೋಡಿ, ಅನಂತರವೇ ರೋಗಿಗಳಿಗೆ ಕೊಟ್ಟರು. 2015ರಲ್ಲಿ ನೊಬೆಲ್ ಬಂದಿತು. ಪರಂಪರೆಗೆ ಗೌರವ ತೋರುವ ಬಗೆ ಇದು. ಬಾಟಲಿಗೆ ಚೀಟಿ ಅಂಟಿಸುವುದಲ್ಲ.

ನೂರು ಸಸ್ಯಗಳಲ್ಲಿ ಯಾವ ಹತ್ತನ್ನು ಮುಂದೆ ಪರೀಕ್ಷಿಸಬೇಕೆಂದು ಅಗ್ಗವಾಗಿ ತಿಳಿಸುವುದು ಈ ಕಾಗದದ ಕೆಲಸ. ಆ ಕೆಲಸಕ್ಕೆ ಅದು ಶ್ರೇಷ್ಠ ಸಾಧನ, ನಮ್ಮ ಕಾಲೇಜುಗಳಿಗೆ ಅದು ಬರಲಿ. ಆದರೆ ಜರಡಿಯನ್ನು ತಕ್ಕಡಿಯೆಂದು ಮಾರುವವರನ್ನು ನಾನು ಕ್ಷಮಿಸಲಾರೆ.

ಆ ತಾಯಿ ಈಗ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದಾರೆ. ನಿಮ್ಮ ಮನೆಗೂ ಅಂಥ ಚಿತ್ರ ಬಂದೀತು. ಆಗ ಹಳೆಯ ಪ್ರಶ್ನೆಯನ್ನು ಕೇಳಿ: ಕಾಗದ ಏನು ಹೇಳಲಿಲ್ಲ?

ನಿಮ್ಮ ಮೇಷ್ಟ್ರು