ಮೇಳ ಬಿಟ್ಟವನು

ಕಲಾವಿದನೊಬ್ಬನು ಮೇಳವನ್ನು ಬಿಟ್ಟು ಸ್ವತಂತ್ರನಾದರೆ ನಮ್ಮ ಜನ ಅವನನ್ನು ಸುಲಭವಾಗಿ ಕ್ಷಮಿಸುವುದಿಲ್ಲ. “ನಾಲ್ಕು ಜನ ಸೇರಿ ಮೇಲಕ್ಕೆತ್ತಿದರು; ಹೆಸರು ಬಂದೊಡನೆ ಹೊರಟುಹೋದ” ಎಂಬ ಮಾತನ್ನು ಮಲೆನಾಡಿನ ಯಕ್ಷಗಾನಪ್ರಿಯರಲ್ಲಿ ಕೇಳದವರುಂಟೆ? ಈ ದೂರು ಯಾವಾಗಲೂ ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

ರಾಕ್ ಸಂಗೀತದ ವೃಂದಗಳಲ್ಲಿಯೂ ಇದೇ ಪ್ರಶ್ನೆಯುಂಟು. ಬೀಟಲ್ಸ್ ವೃಂದದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬರೆದ ಹಾಡುಗಳಿಗೆ ಅಲ್ಲಿ ದೊರೆತ ಸ್ಥಳ ಅಲ್ಪವೇ; ಲೆನನ್ ಮತ್ತು ಮೆಕಾರ್ಟ್ನಿಯವರದೇ ಸಿಂಹಪಾಲು. 1970ರಲ್ಲಿ ವೃಂದ ಒಡೆಯಿತು. ಅದೇ ವರ್ಷ ಆತ ಮೂರು ತಟ್ಟೆಗಳ ಧ್ವನಿಮುದ್ರಿಕೆಯನ್ನು ಹೊರತಂದನು. ವೃಂದದಲ್ಲೇ ಉಳಿದಿದ್ದರೆ ಅಷ್ಟು ಹಾಡುಗಳು ಹೊರಬರುತ್ತಿದ್ದುವೆ? ಆದರೆ 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಕಛೇರಿ ನಡೆಸಿದಾಗ ಹಳೆಯ ಜೊತೆಗಾರ ರಿಂಗೋ ಸ್ಟಾರ್‌ನನ್ನು ಕರೆಯಲು ಮರೆಯಲಿಲ್ಲ.

ನಮ್ಮ ನಾಡಿನಲ್ಲಿ ರಘು ದೀಕ್ಷಿತರ ಉದಾಹರಣೆಯಿದೆ. ಮೈಸೂರಿನಲ್ಲಿ ಬೆಳೆದು ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದ ಅವರು ಗಿಟಾರ್ ಹಿಡಿದು, ಪಿಟೀಲು ವಾದಕ ಎಚ್. ಎನ್. ಭಾಸ್ಕರ್ ಅವರೊಡನೆ ‘ಅಂತರಾಗ್ನಿ’ ವೃಂದವನ್ನು ಕಟ್ಟಿದರು. ಅದು ಚದುರಿದ ಮೇಲೆ ತಮ್ಮ ಹೆಸರಿನಲ್ಲಿಯೇ ಹಾಡತೊಡಗಿದರು. ಆದರೂ 2008ರ ತಮ್ಮ ಮೊದಲ ಧ್ವನಿಸಂಪುಟದ ಹೆಸರಿನಲ್ಲಿ ‘ಅಂತರಾಗ್ನಿ’ಯನ್ನು ಉಳಿಸಿಕೊಂಡರು. ಶಿಶುನಾಳ ಶರೀಫರ ಪದಗಳು ಗಿಟಾರಿನೊಡನೆ ಎಷ್ಟೋ ತರುಣರ ಕಿವಿಗೆ ಬಿದ್ದದ್ದು ಆ ಸಂಪುಟದಿಂದಲೇ.

ಫಲಕದ ಮೇಲೆ ಒಬ್ಬನ ಹೆಸರು, ಹಿಂದೆ ನಿಂತು ನುಡಿಸುವವರು ಅನಾಮಿಕರು. ಇದು ಸರಿಯೇ ಎಂದು ಕೇಳುವವರುಂಟು. ಸರಿಯಲ್ಲ. ಅದಕ್ಕೆ ಪರಿಹಾರ ಜೊತೆಗಾರರ ಹೆಸರನ್ನೂ ಹೇಳುವುದೇ ಹೊರತು, ಹೊರಡುವವನನ್ನು ಕಟ್ಟಿಹಾಕುವುದಲ್ಲ.

ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಮನೆಯಲ್ಲಿ ಬಿ.ಎ.ವರೆಗೆ ಬಂದವನು ನಾನೇ ಮೊದಲಿಗ. ಅಣ್ಣ ಏಳನೆಯ ತರಗತಿಗೇ ಓದು ಬಿಟ್ಟು ಮುತ್ತಿನಕೊಪ್ಪದ ಸುತ್ತಿನ ಅಡಿಕೆ ತೋಟಗಳಲ್ಲಿ ದುಡಿದುದರಿಂದ ನನ್ನ ಶುಲ್ಕ ಸಂದಿತು. ಪದವಿಪತ್ರದಲ್ಲಿ ಮಾತ್ರ ನನ್ನೊಬ್ಬನದೇ ಹೆಸರಿರುತ್ತದೆ. ಕೆಲಸಕ್ಕಾಗಿ ಊರು ಬಿಡಬೇಕಾಗಬಹುದು. “ಓದಿದವನು ಕೈಬಿಟ್ಟ” ಎಂದು ಊರವರು ಅನ್ನಲೂಬಹುದು. ಹೋಗುವುದರಲ್ಲಿ ತಪ್ಪಿಲ್ಲ. ಅಣ್ಣನ ಮಕ್ಕಳ ಓದಿನ ಹೊಣೆಯನ್ನು ಹೊರದೆ ಹೋದರೆ ಮಾತ್ರ ಊರವರ ಮಾತು ನಿಜವಾಗುತ್ತದೆ. ಈ ವರ್ಷ ನನ್ನೊಡನೆ ಹೊರಡುತ್ತಿರುವ ಸಹಪಾಠಿಗಳೂ ತಮ್ಮ ತಮ್ಮ ಜೊತೆಗಾರರ ಲೆಕ್ಕವನ್ನು ಇಟ್ಟುಕೊಳ್ಳಲಿ ಎಂದು ಕೋರುತ್ತೇನೆ.