ನೌಕರಿ ಬಿಟ್ರ ಪಗಾರ ಅಷ್ಟ ಹೋಗೂದಿಲ್ರೀ

ಹ್ವಾದ ವಾರ ನಮ್ಮ ಮನ್ಯಾಗ ಭಿಶಿ ಇತ್ತು. ಗಿರಮಿಟ್ ಆತು, ಮಿರ್ಚಿ ಆತು, ಚಾ ಎರಡು ಸಲ ಆತು. ಮಾತಿನ ನಡುವ ನಮ್ಮ ಓಣಿ ಸೊಸಿ ಒಬ್ಬಾಕಿ, "ಮಾರ್ಚ್ ಮುಗದ ಮ್ಯಾಲೆ ನೌಕರಿ ಬಿಡತೇನ್ರೀ ಕಾಕು, ಹುಡುಗ ಇನ್ನೂ ಸಣ್ಣಾಂವ ಅದಾನ" ಅಂದ್ಲು. ಎಲ್ಲಾರೂ "ಛಲೋ ಆತು ಬಿಡವಾ, ಎಷ್ಟಂತ ಓಡಾಡ್ತಿ" ಅಂದ್ರು. ನಾನೊಬ್ಬಾಕಿ ಕೇಳಿದೆ: "ಇನ್ಶೂರನ್ಸ್ ಏನ್ ಮಾಡ್ತೀ?" ಅಕಿ ನಕ್ಕಳು. "ಅದು ಆಫೀಸಿಂದು ಅಲ್ರೀ, ಫುಕಟ್ ಕೊಟ್ಟಿದ್ದು. ಹ್ವಾದ್ರ ಹೋತು" ಅಂದ್ಲು.

ಈ ಫುಕಟ್ ಅನ್ನೂ ಮಾತಿನ ಜೋಡಿ ಇವತ್ತ ನಾ ಜಗಳಾ ತಗೀಬೇಕಂತ ಕುಂತೇನಿ. ಅಕಿ ಜೋಡಿ ಅಲ್ಲ, ಅಕಿ ನಮ್ಮ ಮಗಳಿದ್ದಂಗ. ಎರಡೂವರಿ ವರ್ಷದ ಹಿಂದ ಇದ ಮಾತು ನಾನೂ ಆಡಿದ್ದೆ. ಅದಕ್ಕ ನನಗ ಗೊತ್ತು, ಅದರ ಬೆಲಿ ಎಷ್ಟಂತ.

2023ರಾಗ ನಮ್ಮ ಅತ್ತಿಯವರು ಬಚ್ಚಲದಾಗ ಜಾರಿ ಬಿದ್ದು ಸೊಂಟ ಮುರಕೊಂಡ್ರು. ಆವಾಗ ಅವರಿಗೆ 67 ವರ್ಷ. ಬಿಪಿ, ಸಕ್ರಿ ಎರಡೂ ಮೊದಲಿಂದ ಇದ್ವು. ಆಪರೇಷನ್ ಆತು, ಬಿಲ್ಲು ನನ್ನ ಆಫೀಸಿನ ಇನ್ಶೂರನ್ಸ್‌ನಾಗ ಹೋತು. ನಾವು ಕೈಯಿಂದ ಕೊಟ್ಟಿದ್ದು ಭಾಳ ಸಣ್ಣದು. ಮನಿಗೆ ಬಂದ ಮ್ಯಾಲೆ ಅವರನ್ನ ನೋಡ್ಕೊಳ್ಳಾವ್ರು ಯಾರು ಅನ್ನೂ ಪ್ರಶ್ನಿ ಬಂತು. ಬಂದ ಕೂಡಲೇ ಎಲ್ಲಾರ ಕಣ್ಣು ನನ್ನ ಕಡೆ ತಿರುಗಿದ್ವು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳೂ ಜರೂರಿನೂ ಇರಲಿಲ್ಲ.

ನಾನೂ ನಮ್ಮ ಮನಿಯವ್ರೂ ಕುಂತು ಕ್ಯಾಲೆಂಡರಿನ ಹಿಂದ ಲೆಕ್ಕಾ ಹಾಕಿದ್ವಿ. ನನ್ನ ಪಗಾರ ಕೈಗೆ ಬರೂದು 32,000. ಅತ್ತಿಯವರಿಗೆ ಹೆಣ್ಣಾಳು ಇಟ್ರ 14,000. ನಾ ಹೋಗಿ ಬರೂ ಖರ್ಚು 3,000. ಹೊರಗಿನ ತಿಂಡಿ, ಸೀರಿ, ಚಪ್ಪಲಿ, ಆಫೀಸಿನ ಹುಟ್ಟಿದಬ್ಬದ ವರ್ಗಣಿ ಅಂತ ಇನ್ನೊಂದು 3,000. ಉಳಿಯೂದು 12,000. "ಬರೇ ಹನ್ನೆರಡು ಸಾವಿರದ ಸಲುವಾಗಿ ಇಷ್ಟ್ಯಾಕ ಒದ್ದಾಡ್ತಿ" ಅಂದ್ರು ಅವ್ರು. ನನಗೂ ಖರೇ ಅನಸ್ತು. ಹತ್ತೊಂಬತ್ತು ವರ್ಷದ ನೌಕರಿ ಬಿಟ್ಟೆ.

ಆ ಕ್ಯಾಲೆಂಡರಿನ ಹಾಳಿ ಮ್ಯಾಲೆ ಹಾಲಿನ ಲೆಕ್ಕಾ ಇತ್ತು, ಗ್ಯಾಸಿಂದ ಇತ್ತು. ಇನ್ಶೂರನ್ಸ್ ಅನ್ನೂದು ಒಂದ ಸಾಲೂ ಇರಲಿಲ್ಲ.

ಕಡೇ ದಿನ ಆಫೀಸಿನ್ಯಾಗ ಶಾಲು ಹಾಕಿದ್ರು, ಫೋಟೋ ತಗದ್ರು. ಅನುಭವದ ಪತ್ರ ಕೊಟ್ರು, ಪಿಎಫ್ ಫಾರ್ಮು ತುಂಬಿಸಿಕೊಂಡ್ರು, ಐಡಿ ಕಾರ್ಡು ವಾಪಸ್ ತಗೊಂಡ್ರು. ಐದು ಮಂದಿಯ ದವಾಖಾನಿ ಕಾರ್ಡು ಅವತ್ತ ರಾತ್ರಿಗೆ ಬಂದ್ ಆಗತೈತಿ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ, ತಪ್ಪು ನಂದೂ ಐತಿ. ಆದ್ರ ಪೆನ್ನು, ಡೈರಿ ಲೆಕ್ಕಾ ಕೇಳಾಕ ನೆನಪಿದ್ದವರಿಗೆ ಇದು ಹೆಂಗ ಮರೀತು?

ಎರಡು ತಿಂಗಳಾದ ಮ್ಯಾಲೆ ನಾವ ಪಾಲಿಸಿ ತಗೊಳ್ಳಾಕ ಹೋದ್ವಿ. ನಾನು, ಮನಿಯವ್ರು, ಇಬ್ಬರು ಮಕ್ಕಳು, ನಾಕು ಮಂದಿಗೆ ಐದು ಲಕ್ಷದ್ದು ವರ್ಷಕ್ಕ 36,000 ಅಂದ್ರು. ಅದೂ ಮನಿಯವ್ರ ಸಕ್ರಿ ಬ್ಯಾನಿಗೆ ವರ್ಷಗಟ್ಟಲೆ ಕಾಯಬೇಕು ಅನ್ನೂ ಕರಾರಿನ ಮ್ಯಾಲೆ. ಅತ್ತಿಯವರಿಗೆ ಒಬ್ಬರಿಗೆ 48,000. ಎರಡೂ ಕೂಡಿಸಿದ್ರ 84,000. ತಿಂಗಳಿಗೆ ಹಂಚಿ ನೋಡ್ರಿ, ಏಳು ಸಾವಿರ!

ಅಂದ್ರ ನಾ ಬಿಟ್ಟಿದ್ದು ತಿಂಗಳಿಗೆ ಹನ್ನೆರಡು ಸಾವಿರದ ನೌಕರಿ ಅಲ್ಲ, ಹತ್ತೊಂಬತ್ತು ಸಾವಿರದ ನೌಕರಿ. ಆ ಏಳು ಸಾವಿರ ಕೈಗೆ ಬರತಿರಲಿಲ್ಲ, ಕಣ್ಣಿಗೆ ಕಾಣತಿರಲಿಲ್ಲ, ಅದಕ್ಕ ಫುಕಟ್ ಅಂದ್ವಿ. ನನ್ನ ದುಡಿಮಿ ನೋಡೇ ಅದನ್ನ ಕೊಡತಿದ್ರು. ಹೆಣ್ಣುಮಕ್ಕಳ ನೌಕರಿ ಬೆಲಿ ಕಟ್ಟೂವಾಗ ಮನ್ಯಾಗ ಆಳಿನ ಪಗಾರ ಕಳೀತಾರ, ಬಸ್ಸಿನ ಪಾಸು ಕಳೀತಾರ, ಲಿಪ್‌ಸ್ಟಿಕ್ ಸುದ್ದಾ ಕಳೀತಾರ. ಕೂಡಿಸಾಕ ಯಾರೂ ಕೂಡೂದಿಲ್ಲ.

84,000 ನಮ್ಮ ಕೈಲೆ ಆಗಲಿಲ್ರೀ. ಅಂಗಡಿ ವ್ಯಾಪಾರ ಆ ವರ್ಷ ಕುಂತಿತ್ತು. ನಾಕು ಮಂದೀದು ತಗೊಂಡ್ವಿ, ಅತ್ತಿಯವರದು "ಮುಂದಿನ ವರ್ಷ ನೋಡೋಣು" ಅಂತ ಬಿಟ್ವಿ. ಯಾರ ಸಲುವಾಗಿ ನೌಕರಿ ಬಿಟ್ಟೆನೋ, ಅವರ ಬರಿಗೈಲೆ ಉಳದ್ರು.

ಮುಂದಿನ ವರ್ಷ ಮಳಿಗಾಲದಾಗ ಅವರಿಗೆ ನ್ಯುಮೋನಿಯಾ ಆತು. ಒಂಬತ್ತು ದಿನ ದವಾಖಾನಿ, ಅದರಾಗ ನಾಕು ದಿನ ಐಸಿಯು. ಬಿಲ್ಲು 1,86,000. ನನ್ನ ಬಿಲ್ವಾರ, ನಮ್ಮವ್ವ ಹಾಕಿದ್ದು, ಹ್ವಾದ್ವು. ಅದಕ್ಕ ನಾ ಅಳಲಿಲ್ಲ. ಮೂರನೇ ದಿನ ಅತ್ತಿಯವರು ಕಣ್ಣು ತಗದು, "ನಿನ್ನ ಆಫೀಸಿನ ಕಾರ್ಡು ತೋರಸಿದ್ಯೇನವಾ?" ಅಂತ ಕೇಳಿದ್ರು. "ಹೂನ್ರೀ ಅತ್ತಿ, ತೋರಸೇನಿ" ಅಂದೆ. ಆಮ್ಯಾಲೆ ಹೊರಗ ಬಂದು ಅತ್ತೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಈಗ ನೀವು ಕೇಳತೀರಿ, ಕಂಪನಿ ಮ್ಯಾಲೆ ಯಾಕ ಸಿಟ್ಟು? ವಯಸ್ಸಾದವರಿಗೆ, ರೋಗ ಇದ್ದವರಿಗೆ ಅವ್ರು ಹೆಚ್ಚಿಗಿ ತಗೊಳ್ಳಲೇಬೇಕಲ್ಲ? ಖರೇ ಮಾತು. ನಮ್ಮ ಭಿಶಿನ ನೋಡ್ರಿ. ಹನ್ನೆರಡು ಮಂದಿ ತಿಂಗಳಾ ತಿಂಗಳಾ ರೊಕ್ಕಾ ಹಾಕತೇವಿ. ಒಬ್ಬಾಕಿ ರೊಕ್ಕದ ಗರಜು ಬಿದ್ದ ದಿನಾನ ಬಂದು ಸೇರಿ, ಅವತ್ತ ಗಂಟು ಎತಗೊಂಡು ಹೋಗತೇನಿ ಅಂದ್ರ ಬಿಡತೀರೇನು? ಇನ್ಶೂರನ್ಸೂ ಹಂಗ. ರೋಗ ಬಂದ ಮ್ಯಾಲಷ್ಟ ಎಲ್ಲಾರೂ ಸೇರಿದ್ರ ಡಬ್ಬ್ಯಾಗ ರೊಕ್ಕಾ ಎಲ್ಲಿಂದ ಬರಬೇಕು? ಅದಕ್ಕ ಮೊದಲಿನ 30 ದಿನ ಅಪಘಾತ ಬಿಟ್ರ ಬ್ಯಾರೆದಕ್ಕ ರೊಕ್ಕಾ ಇಲ್ಲ. ಮೊದಲ ಇದ್ದ ಬ್ಯಾನಿಗೆ ಇನ್ನೂ ಹೆಚ್ಚು ಕಾಯಬೇಕು. ಮದ್ಲ ಇದು ಹೆಚ್ಚಂದ್ರ ನಾಕು ವರ್ಷ ಇತ್ತು, 2024ರ ಎಪ್ರಿಲಿಂದ ಹೆಚ್ಚಂದ್ರ ಮೂರು ವರ್ಷ ಮಾಡ್ಯಾರ. ಹೊಸದಾಗಿ ಬಂದಾಕಿಗೆ ಈ ನಿಯಮ ನ್ಯಾಯದ್ದ, ನಾ ಒಪ್ಪತೇನಿ.

ಆದ್ರ ನಾ ಹೊಸಬಾಕಿ ಅಲ್ಲಲ್ರೀ! ಇಷ್ಟು ವರ್ಷ ನನ್ನ ಹೆಸರಿನ ಮ್ಯಾಲೆ ಡಬ್ಬ್ಯಾಗ ರೊಕ್ಕಾ ಬಿದ್ದೈತಿ. ಮೂವತ್ತು ವರ್ಷದಾಕಿ ಇದ್ದಾಗ, ಒಂದು ಸಲೈನ್ ಬಾಟ್ಲೀನೂ ಹಚ್ಚಿಸಿಕೊಳ್ಳದಾಗ ಕಟ್ಟಿದ ರೊಕ್ಕಾ ಅದು. ಕೂದಲಾ ಬೆಳ್ಳಗಾಗಿ, ಮೊಳಕಾಲ ನೂಸಾಕ ಹತ್ತಿದ ಮ್ಯಾಲೆ "ಬರ್ರಿ ಬಾಯಾರ, ಮದ್ಲಿಂದ ಚಾಲೂ ಮಾಡ್ರಿ" ಅಂದ್ರ ಅದಕ್ಕ ನ್ಯಾಯ ಅನ್ನಬೇಕೇನು?

ಹೊಟ್ಟಿ ಉರಿಯೂ ಮಾತು ಮುಂದ ಐತಿ. ಹಂಗ ಮದ್ಲಿಂದ ಚಾಲೂ ಮಾಡೂ ಜರೂರು ಇರಲಿಲ್ಲ. ಇನ್ಶೂರನ್ಸ್ ಕಂಪನಿಗಳ ಮ್ಯಾಲೆ ನಿಗಾ ಇಡೂ ಐಆರ್‌ಡಿಎಐ ಅಂತ ಸಂಸ್ಥಾ ಐತಿ. ಅವರ ನಿಯಮದಾಗ, ಆಫೀಸಿನ ಗುಂಪಿನ ಪಾಲಿಸಿ ಬಿಡೂವಾಗ ಅದ ಇನ್ಶೂರನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಹೋಗಾಕ ನಮಗ, ನಮ್ಮ ಮನಿ ಮಂದಿಗೆ ಹಕ್ಕೈತಿ. ಪ್ರೀಮಿಯಂ ವಯಸ್ಸಿನ ಪ್ರಕಾರ ಹೆಚ್ಚ ಆಗತೈತಿ, ಅವ್ರು ಆರೋಗ್ಯದ ತಪಾಸಣಿನೂ ಕೇಳಬಹುದು. ಆದ್ರ ಹಿಂದ ಕಳೆದ ವರ್ಷ ಕಾಯೂ ಲೆಕ್ಕದಾಗ ಹಿಡೀಬೇಕು. ಮನಿಯವ್ರ ಸಕ್ರಿಗೆ ನಾವು ಮತ್ತ ಕಾಯೂದು ಬೇಕಿರಲಿಲ್ಲ. ಇದನ್ನೆಲ್ಲಾ ನೌಕರಿ ಬಿಡೂ ಮುಂಚೆನ ಬರಕೊಡಬೇಕಿತ್ತು. ನನಗ ಇದು ಗೊತ್ತಾಗಿದ್ದು ಬಿಲ್ವಾರ ಹ್ವಾದ ಮ್ಯಾಲೆ.

ಹೇಳದ ಹಕ್ಕು ಇದ್ರ ಎಷ್ಟು, ಬಿಟ್ರ ಎಷ್ಟು? ಅದಕ್ಕ ನನ್ನ ವಾದ ಒಂದ. ಪಿಎಫ್ ಫಾರ್ಮು ಕೊಡೂವಾಗ ಈ ಕಾಗದಾನೂ ಕೈಯಾಗ ಇಡಬೇಕು. "ನಿಮ್ಮ ಕಾರ್ಡು ಇಂಥಾ ದಿನ ಬಂದ್ ಆಗತೈತಿ, ಮುಂದವರಸಬೇಕಂದ್ರ ಇಂಥಾ ದಿನದ ಒಳಗ ಇಲ್ಲಿ ಸಹಿ ಮಾಡ್ರಿ" ಅಂತ ಕನ್ನಡದಾಗ ಬರದು ಕೊಡಬೇಕು. ಇದಕ್ಕ ಕಂಪನಿಗೆ ಒಂದು ಹಾಳಿ ಖರ್ಚು.

"ಆಗದ ಮಾತು ಅದೆಲ್ಲಾ" ಅನ್ನಾವ್ರು ಇಎಸ್‌ಐ ನೋಡ್ರಿ. ಪಗಾರ ತಿಂಗಳಿಗೆ 21,000 ತನಕ ಇದ್ದವರಿಗೆ ಅದು. ಕಾರ್ಮಿಕರು ನೂರಕ್ಕ ಮುಕ್ಕಾಲು ರೂಪಾಯಿ ಕೊಡತಾರ, ಮಾಲಕರು ಮೂರೂಕಾಲು. ಕಡಿಮಿ ಅಂದ್ರ ಐದು ವರ್ಷ ಇಎಸ್‌ಐನಾಗ ಇದ್ದು ನಿವೃತ್ತಿ ಆದವರು ವರ್ಷಕ್ಕ 120 ರೂಪಾಯಿ ಕಟ್ಟಿದ್ರ ಗಂಡ ಹೆಂಡತಿ ಇಬ್ಬರಿಗೂ ಔಷಧೋಪಚಾರ ನಡೀತೈತಿ. ಅಲ್ಲಿ ಸಾಲು ಉದ್ದ ಇರತಾವ, ಕಾಯಬೇಕು, ಅದೂ ಗೊತ್ತೈತಿ. ಆದ್ರ ದುಡದು ಮುಗಿಸಿದವರನ್ನ ಬಾಗಲಾ ಹೊರಗ ನಿಂದರಸಬಾರದು ಅನ್ನೂ ಬುದ್ಧಿ ಆ ಕಾನೂನಿಗೆ ಐತಿ. ನನಗೂ ಮೊದಲಿನ ವರ್ಷಗಳಾಗ ಇಎಸ್‌ಐ ಇತ್ತು, ಪಗಾರ ಮಿತಿ ದಾಟಿದ ಮ್ಯಾಲೆ ಬಿಟ್ಟು ಹೋತು. ಪಗಾರ ಹೆಚ್ಚಾತಂತ ಅವತ್ತ ಮನ್ಯಾಗ ಪೇಢೆ ಹಂಚಿದ್ವಿ.

ಕಾನೂನು ಬದಲಾಗೂ ತನಕ ನಾವು ಕುಂದರೂದು ಬ್ಯಾಡ. ನಾ ಬಿಲ್ವಾರ ಕೊಟ್ಟು ಕಲ್ತದ್ದನ್ನ ನೀವು ಫುಕಟ್ ತಗೋರಿ. ಇದಕ್ಕ ಬೇಕಾದ್ರ ಫುಕಟ್ ಅನ್ರಿ.

ನೌಕರಿ ಬಿಡೂ ವಿಚಾರ ಇದ್ರ, ರಾಜೀನಾಮಾ ಕೊಡೂ ಮುಂಚೆ ಪಾಲಿಸಿ ನಂಬರು, ಇನ್ಶೂರನ್ಸ್ ಕಂಪನಿ ಹೆಸರು, ಎಷ್ಟು ವರ್ಷದಿಂದ ಯಾರ್ಯಾರು ಅದರಾಗ ಅದಾರ ಅನ್ನೂದರ ಪತ್ರ ಆಫೀಸಿನ್ಯಾಗ ಇಸಗೋರಿ. ಸ್ವಂತ ಪಾಲಿಸಿಗೆ ಹೋಗತೇವಿ ಅಂತ ಇಮೇಲ್‌ನಾಗ ಬರೀರಿ, ಬಾಯಿ ಮಾತು ಬ್ಯಾಡ. ನೌಕರಿ ಬಿಡೂದಿಲ್ಲ ಅನ್ನಾವ್ರೂ ಈಗಿಂದ ಒಂದು ಸಣ್ಣ ಪಾಲಿಸಿ ಸ್ವಂತದ್ದು ಮಾಡಿಸಿ ಇಡ್ರಿ. ವಯಸ್ಸು ಇದ್ದಾಗ ಕಾಯೂ ಅವಧಿ ಕಳದು ಹೋಗತೈತಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿ ಮ್ಯಾಲಿನ 18 ಪರ್ಸೆಂಟ್ ಜಿಎಸ್‌ಟಿ ತಗದಾರ, ಅಷ್ಟರ ಮಟ್ಟಿಗೆ ಹಗುರ ಆಗೈತಿ. "ಸಕ್ರಿ ಐತಿ ಅಂತ ಬರೀಬ್ಯಾಡ್ರಿ ಅಕ್ಕಾರ, ಕಡಿಮಿ ರೊಕ್ಕದಾಗ ಆಗತೈತಿ" ಅನ್ನೂ ಏಜೆಂಟಗ ಚಾ ಕುಡಿಸಿ ಕಳಸ್ರಿ. ನಾಳೆ ಬಿಲ್ಲು ಬಂದಾಗ ಅಂವ ಫೋನ್ ಎತ್ತೂದಿಲ್ಲ.

ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಮನಿಗೆ ಐದು ಲಕ್ಷದ ತನಕ ಐತಿ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜಿನ ದರದ ನೂರಕ್ಕ 30, ವರ್ಷಕ್ಕ ಒಂದೂವರಿ ಲಕ್ಷದ ತನಕ. ಸರಕಾರಿ ದವಾಖಾನಿ ಚೀಟಿ ಬೇಕು, ತುರ್ತು ಇದ್ದಾಗ ಬ್ಯಾರೆ ಮಾತು. ಸಹಕಾರಿ ಸಂಘದ ಸದಸ್ಯರಿದ್ರ ಯಶಸ್ವಿನಿ ಕೇಳ್ರಿ. ಪೂರಾ ಆಸರಾ ಆಗದಿದ್ರೂ ಕೈ ಹಿಡೀತಾವ.

ಕಡೀಗೆ ಒಂದು ಮಾತು, ಇದು ನಮ್ಮ ನಮ್ಮ ಮನಿ ಗಂಡಸರಿಗೂ ಓದಿ ಹೇಳ್ರಿ. ಸೊಸಿ ನೌಕರಿ ಬಿಡಲಿ ಅಂತ ಎಲ್ಲಾರೂ ಕುಂತು ನಿರ್ಧಾರಾ ಮಾಡತೀರಲ್ಲ, ಅದರ ಖರ್ಚೂ ಎಲ್ಲಾರೂ ಕುಂತು ಹಂಚಿಕೋರಿ. ನಾ ನೌಕರಿ ಬಿಟ್ಟಿದ್ದು ಇಡೀ ಮನಿಗೆ. ಬಿಲ್ವಾರ ಹ್ವಾದದ್ದು ನನ್ನ ಕೈಯಿಂದ ಅಷ್ಟ.

ಆ ಹುಡುಗಿ ನಿನ್ನೆ ಸಂಜಿಗೆ ಬಂದಿದ್ಲು. ಆಫೀಸಿನ ಕಾಗದ ಎಲ್ಲಾ ಚೀಲದಾಗ ಹಾಕ್ಕೊಂಡು ಬಂದಿದ್ಲು. ಇಬ್ಬರೂ ಕುಂತು ಓದಿದ್ವಿ. ಅಕಿ ಕಾರ್ಡಿನ್ಯಾಗ ಅಕಿ, ಗಂಡ, ಹುಡುಗ, ಅತ್ತಿ ಮಾವ ಎಲ್ಲಾರೂ ಅದಾರ. ಲೆಕ್ಕಾ ಮತ್ತ ಮಾಡಿದ್ವಿ, ಈ ಸಲ ಇನ್ಶೂರನ್ಸಿನ ಸಾಲು ಎಲ್ಲಾಕಿಂತ ಮ್ಯಾಲೆ ಬರದು. ಬಿಡತಾಳೋ ಇಲ್ಲೋ ಅದು ಅಕಿಗೆ ಬಿಟ್ಟಿದ್ದು. ಸೋಮವಾರ ಆಫೀಸಿಗೆ ಇಮೇಲ್ ಬರೀತೇನಿ ಅಂತ ಹೇಳಿ ಹೋಗ್ಯಾಳ.