ಕುರ್ಚಿಗೂ ಅಳತೆಯುಂಟು

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರ ಕಾಲದಲ್ಲಿ ಕುಳಿತಿರುವುದೆಂದರೆ ದುಡಿಮೆಯನ್ನು ಬಿಟ್ಟಿರುವುದೆಂದೇ ಅರ್ಥ. ಇಂದು ಹಾಗಲ್ಲ. ನಮ್ಮ ಎಷ್ಟೋ ಮಕ್ಕಳು ಕುಳಿತೇ ದುಡಿಯುತ್ತಾರೆ, ಕುಳಿತೇ ಮನೆಯನ್ನು ಸಾಕುತ್ತಾರೆ. ಬ್ಯಾಂಕಿನಲ್ಲಿ, ಸಹಕಾರಿ ಸಂಘದಲ್ಲಿ, ಅಡತಿ ಅಂಗಡಿಯಲ್ಲಿ ದಿನವಿಡೀ ಕುಳಿತಿರುವವರು ಮೊದಲಿನಿಂದಲೂ ಇದ್ದರು. 2020ರ ಕೊರೋನಾ ಕಾಲದಿಂದೀಚೆಗೆ ದೂರದ ಊರಿನ ಕಂಪನಿಯ ಕೆಲಸವನ್ನು ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಮಾಡುವವರೂ ಸೇರಿದ್ದಾರೆ. ದಿನಕ್ಕೆ ಎಂಟು ತಾಸು ದೇಹವನ್ನು ಹೊರುವ ಈ ಕುರ್ಚಿಯನ್ನು ಕೊಳ್ಳುವಾಗ ಮಾತ್ರ ನಾವು ಬಣ್ಣವನ್ನೂ ಬೆಲೆಯನ್ನೂ ನೋಡಿ ಮನೆಗೆ ತರುತ್ತೇವೆ.

ಸಾಂಗಲಿಯ ಅರಿಷಿಣ ಪೇಟೆ ಹೆಸರಾಂತದ್ದು. ಅಲ್ಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇಂಥ ಪೇಟೆಗಳ ಹಳೆಯ ಅಂಗಡಿಗಳಲ್ಲಿ ಕುರ್ಚಿ ಇರಲಿಲ್ಲ. ಬಿಳಿಯ ಗಾದಿ, ಬೆನ್ನಿಗೆ ಲೋಡು, ಮುಂದೆ ಇಳಿಜಾರು ಮುಚ್ಚಳದ ಬರವಣಿಗೆಯ ಪೆಟ್ಟಿಗೆ, ಇಷ್ಟೇ. ಲೆಕ್ಕ ಬರೆಯುವ ಮುನೀಮನು ಗಳಿಗೆಗೊಮ್ಮೆ ಚಕ್ಕಳಮಕ್ಕಳ ಹಾಕುವನು, ಮತ್ತೊಮ್ಮೆ ಒಂದು ಮೊಣಕಾಲನ್ನು ಎತ್ತಿ ಕೂಡುವನು, ಬೇಸರವಾದರೆ ಲೋಡಿಗೆ ಒರಗುವನು. ಗಾದಿಯು ದೇಹಕ್ಕೆ ಹೊರಳಾಡಲು ಎಡೆ ಕೊಡುತ್ತಿತ್ತು. ಹಾಗೆಂದು ಗಾದಿಯ ಮೇಲೆ ನೋವೇ ಇರಲಿಲ್ಲವೆನ್ನುವಂತಿಲ್ಲ. ಕುತ್ತಿಗೆ ಬಗ್ಗಿಸಿ ಬರೆಯುವವರ ಬಾಧೆ ಹಳೆಯದು. ಇಟಲಿಯ ವೈದ್ಯ ರಾಮಾಜ್ಜಿನಿಯು ಕಸುಬುದಾರರ ರೋಗಗಳನ್ನು ಕುರಿತು ಬರೆದ ಗ್ರಂಥದ 1713ರ ಆವೃತ್ತಿಯಲ್ಲಿ ಬರವಣಿಗೆಯವರನ್ನೂ ಸೇರಿಸಿ, ಎಡೆಬಿಡದೆ ಕುಳಿತಿರುವುದು, ಒಂದೇ ತೆರನಾಗಿ ಕೈಯಾಡಿಸುವುದು, ಮನಸ್ಸಿನ ಆಯಾಸ, ಈ ಮೂರನ್ನು ಅವರ ಬೇನೆಯ ಕಾರಣಗಳೆಂದು ಹೇಳಿದ್ದಾನೆ. ಮೂರು ಶತಮಾನಗಳು ಕಳೆದರೂ ಆ ಮಾತು ನಮ್ಮ ಗುಮಾಸ್ತರಿಗೆ ಒಪ್ಪುತ್ತದೆ.

ಗಾದಿಯಿಂದ ಕುರ್ಚಿಗೆ ಬಂದ ಮೇಲೆ ದೇಹವು ಕುರ್ಚಿಯ ಆಕಾರಕ್ಕೆ ಕಟ್ಟುಬಿದ್ದಿತು. ಆದುದರಿಂದಲೇ ಆ ಆಕಾರವು ಕೂಡುವವರಿಗೆ ಹೊಂದುವಂತಿರಬೇಕು. ಇದಕ್ಕೆ ಮಿರಜದಲ್ಲಿಯೇ ಒಳ್ಳೆಯ ಪಾಠವಿದೆ. ಅಲ್ಲಿಯ ಕುಶಲಿಗರು ಹತ್ತೊಂಬತ್ತನೆಯ ಶತಮಾನದಿಂದ ಸಿತಾರ, ತಂಬೂರಿಗಳನ್ನು ಮಾಡುತ್ತ ಬಂದಿದ್ದಾರೆ. 2024ರಲ್ಲಿ ಈ ವಾದ್ಯಗಳಿಗೂ ಭೌಗೋಳಿಕ ಗುರುತು ದೊರೆಯಿತು. ಪಂಢರಪುರದ ಕಡೆಯಿಂದ ಬರುವ ಸೋರೆಬುರುಡೆಗಳನ್ನು ಗಾತ್ರ ನೋಡಿ ಆರಿಸಿ, ಗಂಡುದನಿಗೆ ದೊಡ್ಡ ತಂಬೂರಿಯನ್ನೂ ಹೆಣ್ಣುದನಿಗೆ ಅದಕ್ಕಿಂತ ಚಿಕ್ಕದನ್ನೂ ಸಿದ್ಧಪಡಿಸುತ್ತಾರೆ. ಹಾಡುವವರು ಯಾರೆಂದು ತಿಳಿಯದೆ ತಂಬೂರಿಯನ್ನು ಆರಿಸುವುದು ಸಾಧ್ಯವಿಲ್ಲ. ಕೂಡುವವರು ಯಾರೆಂದು ತಿಳಿಯದೆ ಕುರ್ಚಿಯನ್ನು ಆರಿಸುವುದೂ ಹಾಗೆಯೇ.

ಮೊದಲನೆಯ ಅಳತೆ ಎತ್ತರದ್ದು. ಕುಳಿತಾಗ ಪಾದಗಳೆರಡೂ ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕಾಲು ಸುಮಾರಾಗಿ ಕಾಟಕೋನದಲ್ಲಿರಬೇಕು. ಸ್ಥೂಲವಾಗಿ ಹೇಳುವುದಾದರೆ ಮನುಷ್ಯನ ಎತ್ತರದ ಕಾಲುಭಾಗವು ಅವನ ಆಸನದ ಎತ್ತರ. ಐದು ಅಡಿಯ ಹೆಣ್ಣುಮಗಳಿಗೆ 15 ಅಂಗುಲ, ಐದೂವರೆ ಅಡಿಯವರಿಗೆ ಹದಿನಾರೂವರೆ ಅಂಗುಲ. ಪೇಟೆಯಲ್ಲಿ ಸಿಗುವ ನಾಲ್ಕು ಕಾಲಿನ ಕುರ್ಚಿಗಳ ಎತ್ತರ ಸಾಮಾನ್ಯವಾಗಿ 17ರಿಂದ 18 ಅಂಗುಲ. ಐದಡಿಯವಳ ಕಾಲು ಅಲ್ಲಿ ಎರಡು ಮೂರು ಅಂಗುಲ ಮೇಲೆಯೇ ತೂಗುತ್ತದೆ. ಕುರ್ಚಿಯ ಅಂಚು ತೊಡೆಯ ಅಡಿಯನ್ನು ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ಪಾದವನ್ನು ಊರಲೆಂದು ಅವಳು ಮುಂದಕ್ಕೆ ಸರಿದರೆ ಬೆನ್ನಿಗೆ ಆಸರೆ ತಪ್ಪುತ್ತದೆ. ಸಂಜೆಗೆ ಸೊಂಟ ನೋಯುವುದು ಇದರಿಂದ, ಅವಳ ನಾಜೂಕುತನದಿಂದಲ್ಲ.

ಎರಡನೆಯದು ಮೇಜಿನ ಎತ್ತರ. ಮೇಜುಗಳು ಹೆಚ್ಚಾಗಿ 30 ಅಂಗುಲದ ಆಸುಪಾಸಿನವು. ಭುಜವನ್ನು ಸಡಿಲ ಬಿಟ್ಟು ಕುಳಿತಾಗ ಮೊಣಕೈಯು ಮೇಜಿನ ಮಟ್ಟಕ್ಕೆ ಬರಬೇಕು. ಗಿಡ್ಡಗಿದ್ದವರು ಕುರ್ಚಿಯನ್ನು ಕಾಲಿಗೆ ಸರಿಯಾಗಿ ಇಳಿಸಿಕೊಂಡರೆ ಮೇಜು ಎದೆಗೆ ಬರುತ್ತದೆ. ಇದಕ್ಕೆ ಉಪಾಯವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಕುರ್ಚಿಯನ್ನು ಮೊಣಕೈ ಹೊಂದುವಷ್ಟು ಏರಿಸಿಕೊಂಡು ಕಾಲಡಿಗೆ ಊಟದ ಮಣೆಯನ್ನು ಇಟ್ಟರಾಯಿತು. ಒಂದು ಸಾಲದಿದ್ದರೆ ಬಡಿಗನಿಂದ ಎತ್ತರದ ಮಣೆಯೊಂದನ್ನು ಮಾಡಿಸಬಹುದು.

ಮೂರನೆಯದು ಆಸನದ ಆಳ. ಬೆನ್ನನ್ನು ಪೂರ್ತಿ ಹಿಂದಕ್ಕೆ ತಾಗಿಸಿ ಕುಳಿತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಮೂರು ಬೆರಳು ಹಿಡಿಯಬೇಕು. ಮುಂದಿನ ಅಂಚು ದುಂಡಗಿರಲಿ.

ನಾಲ್ಕನೆಯದು ಬೆನ್ನಿನ ಆಸರೆ. ಸೊಂಟದ ಬಳಿ ಬೆನ್ನು ಸಹಜವಾಗಿ ಒಳಕ್ಕೆ ಬಾಗಿದೆ. ಸೀರೆಯ ನೆರಿಗೆ ಸಿಕ್ಕಿಸುವ ಮಟ್ಟದಿಂದ ತುಸು ಮೇಲಕ್ಕೆ ಕುರ್ಚಿಯು ಆ ಬಾಗನ್ನು ತುಂಬಬೇಕು. ತಲೆಯವರೆಗೆ ಏರಿದ ಬೆನ್ನಿದ್ದು ಸೊಂಟದಲ್ಲಿ ಟೊಳ್ಳಾದರೆ ಪ್ರಯೋಜನವಿಲ್ಲ. ಇರುವ ಕುರ್ಚಿಯಲ್ಲಿ ಈ ಆಸರೆ ಇಲ್ಲದಿದ್ದರೆ ಟವೆಲ್ಲನ್ನೋ ಸೋಲಾಪುರದ ಚಾದರವನ್ನೋ ಸುರುಳಿ ಸುತ್ತಿ ಅಲ್ಲಿಡಿರಿ. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರು ಬೆನ್ನುಮೂಳೆಯ ಬಿಲ್ಲೆಗಳೊಳಗಿನ ಒತ್ತಡವನ್ನು ಅಳೆದು, ಆಸರೆಯಿಲ್ಲದೆ ಕುಳಿತಾಗ ಅದು ನಿಂತಾಗಿನದಕ್ಕಿಂತ ಹೆಚ್ಚೆಂದು ತೋರಿಸಿದರು. ಮುಂದಿನ ಅಳತೆಗಳಲ್ಲಿ ಈ ಅಂತರವು ಅಷ್ಟಿಲ್ಲವೆಂದು ಕಂಡುಬಂದರೂ, ಹಿಂದಕ್ಕೆ ಒರಗಿದರೆ ಭಾರ ಇಳಿಯುವುದೆಂಬುದು ನಿಂತಿದೆ. ಆದುದರಿಂದ ಕೋಲಿನಂತೆ ನೆಟ್ಟಗೆ ಕೂಡುವ ಹಟ ಬೇಡ. ತುಸು ಹಿಂದಕ್ಕೆ ವಾಲಿರುವುದೇ ಲೇಸು.

ಉಳಿದವು ಚಿಕ್ಕ ಮಾತುಗಳು. ಮೆತ್ತೆಯನ್ನು ಮುಷ್ಟಿಯಿಂದ ಒತ್ತಿ ನೋಡಿರಿ. ಕೆಳಗಿನ ಹಲಗೆ ಕೈಗೆ ಸಿಕ್ಕರೆ ಅದು ವರುಷ ಬಾಳದು. ನಮ್ಮ ಬೇಸಗೆಗೆ ರೆಕ್ಸಿನ್ನಿಗಿಂತ ಬೆತ್ತವೋ ಜಾಳಿಗೆಯ ಬೆನ್ನೋ ಹಿತ. ಗಾಲಿಯ ಕುರ್ಚಿಯಾದರೆ ಅಡಿಯಲ್ಲಿ ಐದು ಕಾಲಿರಲಿ; ನಾಲ್ಕಿದ್ದರೆ ಮಗುಚುವ ಭಯ. ಅಂಗಡಿಗೆ ಸಂಜೆ, ದೇಹ ದಣಿದಿರುವಾಗ ಹೋಗಿರಿ. ಹತ್ತು ನಿಮಿಷ ಕುಳಿತೇ ಬೆಲೆಯನ್ನು ಕೇಳಿರಿ. ಓದುವ ಮಕ್ಕಳಿಗೆ ಹೊಸ ಕುರ್ಚಿಯೇ ಬೇಕೆಂದಿಲ್ಲ. ಮಗುವಿನ ಪಾದ ನೆಲಕ್ಕೆ ತಾಗಿದೆಯೇ ಎಂದು ನೋಡಿದ ಮೇಲೆ ಅಕ್ಷರವನ್ನು ನೋಡಬೇಕೆಂಬುದು ನಾವು ಶಿಕ್ಷಕ ತರಬೇತಿಯಲ್ಲಿ ಕಲಿತ ಪಾಠ. ತೂಗಾಡುವ ಕಾಲಿನ ಮಗು ಸ್ಥಿರವಾಗಿ ಬರೆಯದು. ಅದಕ್ಕೂ ಮಣೆಯೇ ಮದ್ದು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಒಳ್ಳೆಯ ಕುರ್ಚಿ ಯಾರಿಗೆ? ಕಚೇರಿಗಳಲ್ಲಿ ಎತ್ತರ ಬೆನ್ನಿನ ಕುರ್ಚಿಯು ಪದವಿಯ ಗುರುತು. ಅರ್ಧ ದಿನ ತಿರುಗಾಟದಲ್ಲಿರುವ ಸಾಹೇಬರಿಗೆ ಅದು; ಹತ್ತರಿಂದ ಐದರವರೆಗೆ ಬರೆಯುವ ಕಾರಕೂನನಿಗೆ ಕೈ ಮುರಿದ ಕುರ್ಚಿ. ಶಾಲೆಗಳೂ ಇದಕ್ಕೆ ಹೊರತಲ್ಲ. ಮನೆಯಲ್ಲಿಯೂ ಮಗನ ಓದಿಗೆ ಕುರ್ಚಿ ಬರುತ್ತದೆ. ಹೊಲಿಗೆಯಂತ್ರದ ಮುಂದೆ ಮೂರು ತಾಸು ಕೂಡುವ ಸೊಸೆಗೆ ಬೆನ್ನಿಲ್ಲದ ಸ್ಟೂಲು. ಕುರ್ಚಿಯನ್ನು ಕೊಳ್ಳಲು ಗಂಡಸರಿಬ್ಬರು ಹೋಗಿ ಬರುತ್ತಾರೆ, ಕೂಡುವವಳು ಮನೆಯಲ್ಲಿ ಉಳಿಯುತ್ತಾಳೆ. ಅಂಗಡಿಗೆ ಅವಳನ್ನು ಕರೆದೊಯ್ಯಿರಿ.

ಕೂಡುವುದೂ ಒಂದು ಹಕ್ಕೆಂದು ಕಾನೂನು ಹೇಳುತ್ತದೆ. ನಿಂತು ದುಡಿಯುವ ಕೂಲಿಕಾರರಿಗೆ ಬಿಡುವಾದಾಗ ಕೂಡಲು ಏರ್ಪಾಡಿರಬೇಕೆಂದು 1948ರ ಕಾರಖಾನೆಗಳ ಕಾಯಿದೆಯ 44ನೆಯ ಕಲಮಿನಲ್ಲಿತ್ತು. ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳು ದನಿಯೆತ್ತಿದ ಮೇಲೆ ಕೇರಳವು 2018ರಲ್ಲಿ ಅಂಗಡಿಗಳಿಗೂ ಇಂಥ ನಿಯಮವನ್ನು ತಂದಿತು. ತಮಿಳುನಾಡು 2021ರಲ್ಲಿ ಅನುಸರಿಸಿತು. ಅಂಗಡಿಯಿಟ್ಟಿರುವ ನಮ್ಮ ಬಾಂಧವರು ಕಾಯಿದೆಗೆ ಕಾಯದೆ ಗಲ್ಲೆಯ ಹಿಂದೆ ಎರಡು ಕುರ್ಚಿ ಹೆಚ್ಚಿಗೆ ಇಡಬಹುದು.

ಎಂಥ ಕುರ್ಚಿಯಾದರೂ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲೇಬೇಕು. ಮುನೀಮನು ಗಾದಿಯ ಮೇಲೆ ಹೊರಳಾಡಿ ಪಡೆಯುತ್ತಿದ್ದುದನ್ನು ನಾವು ಎದ್ದು ಪಡೆಯಬೇಕಾಗಿದೆ. ನೋವು ಕಾಲಿಗೆ ಇಳಿದು ಮರಗಟ್ಟಿದರೆ, ಹೆಜ್ಜೆ ಬಲಗುಂದಿದರೆ ಅದು ಕುರ್ಚಿಯ ವಿಷಯವಲ್ಲ. ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಜತ್ತ, ಅಥಣಿಗಳ ಕಡೆಯಿಂದ ಮಿರಜದ ಆಸ್ಪತ್ರೆಗಳಿಗೆ ಬರುವ ದಾರಿ ನಮ್ಮವರಿಗೆ ಹೊಸದಲ್ಲ. ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಮನೆಯಲ್ಲಿಯೇ ಸಾಧ್ಯ. ಈ ಸಂಜೆ ಅಳತೆಯ ಟೇಪನ್ನು ಹಿಡಿದು ಮನೆಯಲ್ಲಿ ಯಾರ ಕಾಲು ನೆಲಕ್ಕೆ ತಾಗುವುದಿಲ್ಲವೆಂಬುದನ್ನು ನೋಡಿರಿ.